ಮಲೆನಾಡಿನ ಚಳಿಗಾಲಕ್ಕೆ ಅದರದೇ ಮುನ್ನೋಟ ಕೊಡಿ

ಭಾರತೀಯ ಹವಾಮಾನ ಇಲಾಖೆಯ ಬೆಂಗಳೂರು ಕೇಂದ್ರದ ಮುಖ್ಯಸ್ಥರಿಗೆ, ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ, ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ನವೆಂಬರ್ ಮುಗಿಯುವ ಹೊತ್ತಿಗೆ ಹವಾಮಾನ ಇಲಾಖೆ ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಮುನ್ನೋಟ ಪ್ರಕಟಿಸುತ್ತದೆ. ಉತ್ತರದ ಬಯಲಿನಲ್ಲಿ ಶೀತಗಾಳಿ ಎಷ್ಟು ದಿನ, ಕಾಶ್ಮೀರ, ಹಿಮಾಚಲ, ಉತ್ತರಾಖಂಡದಲ್ಲಿ ಹಿಮ ಹೆಚ್ಚೋ ಕಡಿಮೆಯೋ ಎಂಬ ಚರ್ಚೆ ಪತ್ರಿಕೆಗಳಲ್ಲಿ ನಡೆಯುತ್ತದೆ. ಅಲ್ಲಿನ ಸೇಬಿನ ತೋಟಗಳಿಗೆ, ಬೇಸಿಗೆಯ ನದಿನೀರಿಗೆ ಆ ಲೆಕ್ಕ ಬೇಕೇ ಬೇಕು. ಅದೇ ದಿನಗಳಲ್ಲಿ ಮೂಡಿಗೆರೆ, ಆಲ್ದೂರು, ಕೊಪ್ಪ, ಸಕಲೇಶಪುರ, ಬೇಲೂರು ಕಡೆಯ ಕಣಗಳಲ್ಲಿ ವರ್ಷವಿಡೀ ದುಡಿದ ಕಾಫಿ ಬೆಳೆ ಬಿಸಿಲಿಗೆ ಹರಡಿರುತ್ತದೆ. ಅದರ ಮೇಲೆ ಮಳೆ ಬೀಳುತ್ತದೋ ಇಲ್ಲವೋ ಎಂದು ತಿಳಿಯಲು ನಮಗೆ ಸಿಗುವುದು ಭೂಪಟದ ಮೇಲಿನ ಒಂದು ಬಣ್ಣ ಮಾತ್ರ.

ನಮ್ಮ ಬೇಡಿಕೆ ಒಂದೇ. ಈ ಎರಡು ಜಿಲ್ಲೆಗಳ ಗುಡ್ಡಗಾಡಿಗೆ ನವೆಂಬರ್ ಮಧ್ಯದಿಂದ ಮಾರ್ಚ್ ಕೊನೆಯವರೆಗೆ ಪ್ರತ್ಯೇಕ ಚಳಿಗಾಲದ ಮುನ್ನೋಟ ಕೊಡಿ. ಇಲ್ಲಿ ನಷ್ಟ ಮಾಡುವ ಅಂಶಗಳನ್ನು, ನಷ್ಟ ಶುರುವಾಗುವ ಪ್ರಮಾಣದಲ್ಲಿ ಅದು ಹೇಳಲಿ.

ಈಗಿನ ವ್ಯವಸ್ಥೆ ನಮಗೆ ಯಾಕೆ ಸಾಲುವುದಿಲ್ಲ ಎಂದರೆ, ಮೊದಲನೆಯದು ನಕ್ಷೆಯ ಗೆರೆ. ಹವಾಮಾನ ಇಲಾಖೆ ಕರ್ನಾಟಕವನ್ನು ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಎಂದು ಮೂರು ಮಾಡಿದೆ. ಚಿಕ್ಕಮಗಳೂರು ಮತ್ತು ಹಾಸನ ದಕ್ಷಿಣ ಒಳನಾಡಿನಲ್ಲಿವೆ, ಕೋಲಾರ, ತುಮಕೂರು, ಚಿತ್ರದುರ್ಗಗಳ ಜೊತೆ. ರಾಜ್ಯದ ಉಸ್ತುವಾರಿ ಕೇಂದ್ರ ಮಲೆನಾಡನ್ನು ಬೇರೆಯಾಗಿಯೇ ಲೆಕ್ಕ ಹಾಕುತ್ತದೆ, ಅದು ಸರಿಯಾದ ಕ್ರಮ. ಆದರೆ ಜಿಲ್ಲೆಯೊಳಗೂ ಒಂದೇ ಹವೆಯಿಲ್ಲ. ಕಡೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಅದೇ ಜಿಲ್ಲೆಯ ಶೃಂಗೇರಿಯಲ್ಲಿ ಅದು 3,000 ದಾಟುತ್ತದೆ. ಕೃಷಿ ಹವಾಗುಣ ವಲಯಗಳ ಪಟ್ಟಿಯಲ್ಲಿ ಕಡೂರು, ಅರಸೀಕೆರೆ ಮಧ್ಯ ಒಣವಲಯಕ್ಕೂ, ಮೂಡಿಗೆರೆ, ಸಕಲೇಶಪುರ ಗುಡ್ಡಗಾಡು ವಲಯಕ್ಕೂ ಸೇರಿವೆ. ಬೆಳೆ ಸಲಹೆಗೆ ಒಪ್ಪಿಕೊಂಡಿರುವ ಈ ಭೇದ ಮುನ್ಸೂಚನೆಗೆ ಬಂದಾಗ ಅಳಿಸಿಹೋಗುತ್ತದೆ. ‘ಜಿಲ್ಲೆಯ ಒಂದೆರಡು ಕಡೆ ಹಗುರ ಮಳೆ’ ಎಂಬ ಸಾಲನ್ನು ಓದಿ ಕಡೂರಿನ ರಾಗಿ ಬೆಳೆಗಾರನೂ ಬಾಳೆಹೊನ್ನೂರಿನ ಕಾಫಿ ಬೆಳೆಗಾರನೂ ಯಾವ ನಿರ್ಧಾರಕ್ಕೂ ಬರಲಾರರು.

ಎರಡನೆಯದು ಎಚ್ಚರಿಕೆಯ ಮಿತಿ, ಇದು ಹೆಚ್ಚು ಗಂಭೀರ. ‘ಭಾರೀ ಮಳೆ’ ಎನ್ನಬೇಕಾದರೆ 24 ಗಂಟೆಯಲ್ಲಿ 64.5 ಮಿಲಿಮೀಟರ್ ಬೀಳಬೇಕು. ಮಳೆಯ ಬಣ್ಣದ ಎಚ್ಚರಿಕೆಗಳು ಬಹುಮಟ್ಟಿಗೆ ಈ ಅಳತೆಗೆ ಕಟ್ಟಿಕೊಂಡಿವೆ. 2.5ರಿಂದ 15.5 ಮಿಲಿಮೀಟರ್‌ವರೆಗಿನದು ‘ಹಗುರ ಮಳೆ’. ಜುಲೈನಲ್ಲಿ ಅದು ಯಾರ ಗಮನಕ್ಕೂ ಬರುವುದಿಲ್ಲ. ಜನವರಿಯಲ್ಲಿ 5 ಮಿಲಿಮೀಟರ್ ಬಿದ್ದರೆ ಸಾವಿರ ಚದರ ಮೀಟರ್ ಕಣದ ಮೇಲೆ ಐದು ಸಾವಿರ ಲೀಟರ್ ನೀರು ಸುರಿದಂತೆ. ಚಳಿಯದೂ ಇದೇ ಕತೆ. ಶೀತಗಾಳಿ ಎಂದು ಘೋಷಿಸಲು ಬಯಲಿನಲ್ಲಿ ಕನಿಷ್ಠ ಉಷ್ಣಾಂಶ 10 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆಯಾಗಿ, ವಾಡಿಕೆಗಿಂತ 4.5 ಡಿಗ್ರಿಯಾದರೂ ಕುಸಿದಿರಬೇಕು. ಗಿರಿಪ್ರದೇಶದಲ್ಲಾದರೆ 0 ಡಿಗ್ರಿಗೆ ಇಳಿಯಬೇಕು. ಗಿರಿಪ್ರದೇಶದ ಮಿತಿ ಹಿಮಾಲಯಕ್ಕೆ ಹೊಲಿದದ್ದು, ಬಯಲಿನದು ಗಂಗಾ ತಟಕ್ಕೆ ಹೊಂದುವಂಥದ್ದು. ಸಾವಿರ ಮೀಟರ್ ಎತ್ತರದ, ತೇವ ತುಂಬಿದ, ಕಾರ್ಮಿಕರ ತಗಡಿನ ಮಾಡಿನ ಲೈನ್ ಮನೆಗಳ ನಾಡಿಗೆ ಎರಡೂ ಒಗ್ಗುವುದಿಲ್ಲ.

ಋತುಗಳ ಗೆರೆಯೂ ನಮ್ಮ ಕೆಲಸದ ನಡುವೆಯೇ ಹಾಯುತ್ತದೆ. ಇಲಾಖೆಯ ಮಳೆ ಲೆಕ್ಕದಲ್ಲಿ ಡಿಸೆಂಬರ್ ಹಿಂಗಾರಿಗೆ ಸೇರುತ್ತದೆ, ಜನವರಿ-ಫೆಬ್ರವರಿ ಚಳಿಗಾಲ. ಕಾಫಿಯ ಎರಡು ಬಗೆಗಳಲ್ಲಿ ಅರೇಬಿಕಾ ಕೊಯ್ಲು ನವೆಂಬರ್‌ನಲ್ಲಿ ಹಿಡಿದು ಜನವರಿಗೆ ಬರುತ್ತದೆ, ರೊಬಸ್ಟಾ ಅದರ ಬೆನ್ನಿಗೇ ಫೆಬ್ರವರಿ ದಾಟುತ್ತದೆ. ನಮಗೆ ಬೇಕಾದ ಋತು ಒಂದೇ, ಕೊಯ್ಲಿನ ಮತ್ತು ಒಣಗುವ ಋತು.

ಕಣದ ವಿಷಯವನ್ನು ವಿವರವಾಗಿ ಹೇಳಬೇಕು. ಎಷ್ಟು ದಿನ ಮೊದಲು ಯಾವ ಮಾಹಿತಿ ಬೇಕೆಂಬುದು ಅದರಿಂದಲೇ ತೀರ್ಮಾನವಾಗುತ್ತದೆ.

ಪಲ್ಪ್ ಮಾಡಿ (ಹಣ್ಣಿನ ಸಿಪ್ಪೆ ಸುಲಿದು) ತೊಳೆದ, ಒಳಪೊರೆ ಉಳಿದ ಬೀಜ, ಅಂದರೆ ಪಾರ್ಚ್‌ಮೆಂಟ್ ಕಣಕ್ಕೆ ಬರುವಾಗ ಅದರ ತೂಕದಲ್ಲಿ ಅರ್ಧಕ್ಕೂ ಹೆಚ್ಚು ನೀರು. ಅದು ಶೇ. 10ಕ್ಕೆ ಇಳಿಯಬೇಕು. ನಾಲ್ಕು ಸೆಂಟಿಮೀಟರ್ ದಪ್ಪ ಹರಡಿ, ಗಂಟೆಗೊಮ್ಮೆ ಕೈಯಾಡಿಸಿ, ಸಂಜೆ ರಾಶಿ ಮಾಡಿ ಮುಚ್ಚಿದರೆ ಒಳ್ಳೆಯ ಬಿಸಿಲಿನಲ್ಲಿ ಏಳರಿಂದ ಹತ್ತು ದಿನ ಹಿಡಿಯುತ್ತದೆ. ಹಣ್ಣನ್ನು ಹಾಗೆಯೇ ಚೆರ್ರಿಯಾಗಿ ಒಣಗಿಸಿದರೆ ಎರಡು ವಾರ ಅಥವಾ ಇನ್ನೂ ಹೆಚ್ಚು. ಮೊದಲೆರಡು ದಿನ ಮೋಡ ಮುಚ್ಚಿದರೆ ಮೇಲ್ಮೈ ನೀರು ಆರದೆ ಹುಳಿವಾಸನೆ ಹಿಡಿಯುತ್ತದೆ. ನಡುವಿನ ದಿನಗಳಲ್ಲಿ ನೆನೆದರೆ ಬೀಜದ ಬಣ್ಣ ಒಂದೇ ಸಮ ಉಳಿಯುವುದಿಲ್ಲ, ಬಿಳಿಚಿಕೊಂಡ ಮಚ್ಚೆ ಬೀಳುತ್ತದೆ, ಕಪ್‌ನಲ್ಲಿ ರುಚಿಯ ದರ್ಜೆ ಇಳಿಯುತ್ತದೆ. ಚೆರ್ರಿಯಾದರೆ ಸಿಪ್ಪೆಯೊಳಗೆ ಬೂಷ್ಟು ಬೆಳೆಯುತ್ತದೆ. ಓಕ್ರಾಟಾಕ್ಸಿನ್ ಎಂಬ ವಿಷ ಸೇರುವ ದಾರಿ ಇದೇ, ಯುರೋಪಿನ ಖರೀದಿದಾರರು ಸರಕನ್ನು ಅದಕ್ಕಾಗಿ ಪರೀಕ್ಷಿಸುತ್ತಾರೆ. ಮಳೆಯೇ ಬೇಕೆಂದಿಲ್ಲ. ಮೂರು-ನಾಲ್ಕು ದಿನ ಬಿಸಿಲಿಲ್ಲದೆ ಗಾಳಿಯ ತೇವಾಂಶ ಶೇ. 85ರ ಮೇಲೆ ನಿಂತರೆ ಅರ್ಧ ಒಣಗಿದ ಕಾಫಿ ತೇವವನ್ನು ವಾಪಸ್ ಹೀರುತ್ತದೆ. ಟಾರ್ಪಾಲು ಹೊದಿಸಿಟ್ಟರೆ ಒಳಗೆ ಬೆವರುತ್ತದೆ, ತೆಗೆದರೆ ಇಬ್ಬನಿ ಇಳಿಯುತ್ತದೆ.

ಇದನ್ನು ತಡೆಯುವ ನಿರ್ಧಾರಗಳು ಬೇರೆಬೇರೆ ಹೊತ್ತಿನವು. ಕೊಯ್ದ ಹಣ್ಣನ್ನು ರಾತ್ರಿಯಿಡೀ ರಾಶಿ ಹಾಕಿಡುವಂತಿಲ್ಲ, ಅದೇ ದಿನ ಪಲ್ಪ್ ಮಾಡಬೇಕು. ಪಲ್ಪ್ ಆದದ್ದನ್ನು ತೊಳೆದು ಶುದ್ಧ ನೀರಿನಲ್ಲಿ ಮುಳುಗಿಸಿಟ್ಟರೆ ಒಂದು ರಾತ್ರಿ, ಹೆಚ್ಚೆಂದರೆ ಒಂದು ದಿನ ಕಳೆಯಬಹುದು. ಅದಕ್ಕಿಂತ ಹೆಚ್ಚು ಕಾಲ ತಪ್ಪಿಸಬೇಕಾದರೆ ಕೊಯ್ಲನ್ನೇ ನಿಲ್ಲಿಸಬೇಕು. ಕೊಯ್ಲು ನಿಲ್ಲಿಸಲು, ಆಳುಗಳನ್ನು ಗಿಡ ಸವರುವ ಕಪಾತಿಗೋ ಮೆಣಸು ಕೊಯ್ಲಿಗೋ ಕಳಿಸಲು ನಾಲ್ಕೈದು ದಿನ ಮೊದಲು ತಿಳಿಯಬೇಕು. ಡ್ರೈಯರ್‌ಗೆ ಸೌದೆ ಹೊಂದಿಸಲು, ಪಕ್ಕದ ತೋಟದವರೊಂದಿಗೆ ಸರದಿ ಮಾತಾಡಲು ಎರಡು ದಿನ. ರಾಶಿ ಮಾಡಿ ಮುಚ್ಚಲು ಮೂರು ಗಂಟೆ. ಮೂರು ಗಂಟೆಯ ತತ್‌ಕ್ಷಣದ ಸೂಚನೆ ಇಲಾಖೆಯಲ್ಲಿ ಈಗಾಗಲೇ ಇದೆ, ಆದರೆ ಅದು ಗುಡುಗು, ಬಿರುಸು ಮಳೆಗೆ ಮೀಸಲು. ಡಿಸೆಂಬರ್-ಜನವರಿಯಲ್ಲಿ ನಮಗೆ 2.5 ಮಿಲಿಮೀಟರ್ ನಿರೀಕ್ಷೆಗೂ ಆ ಸೂಚನೆ ಬೇಕು.

ಕಣ ಉಳಿದರೂ ಗಿಡ ಉಳಿಯಬೇಕು. 2021ರ ಜನವರಿ ಮೊದಲ ವಾರ ಮಲೆನಾಡಿನಲ್ಲಿ ಸುರಿದ ಅಕಾಲಿಕ ಮಳೆ ಎಲ್ಲರಿಗೂ ನೆನಪಿರಬೇಕು. ಮಾಗಿದ ಹಣ್ಣು ಬಿರಿದು ನೆಲಕ್ಕುದುರುವುದು ಕಣ್ಣಿಗೆ ಕಾಣುವ ನಷ್ಟ. ಕಾಣದ್ದು ಮುಂದಿನ ವರ್ಷದ್ದು. ಕಾಫಿ ಮೊಗ್ಗು ಒಣಹವೆಯಲ್ಲಿ ಸುಪ್ತವಾಗಿದ್ದು, ಒಂದು ಇಂಚಿನಷ್ಟು ಹೂಮಳೆ ಬಿದ್ದ ಏಳರಿಂದ ಹತ್ತನೆಯ ದಿನಕ್ಕೆ ಅರಳುತ್ತದೆ. ಅದು ಫೆಬ್ರವರಿ ಕೊನೆ, ಮಾರ್ಚ್‌ನಲ್ಲಿ ಆಗಬೇಕಾದ ಕೆಲಸ. ಜನವರಿಯಲ್ಲೇ ಮಳೆ ಬಿದ್ದರೆ ಹಣ್ಣಿರುವ ರೊಬಸ್ಟಾ ಗಿಡದಲ್ಲೇ ಹೂವೂ ಬರುತ್ತದೆ. ಹಣ್ಣು ಬಿಡಿಸಿದರೆ ಹೂವು ಉದುರುತ್ತದೆ, ಬಿಡಿಸದಿದ್ದರೆ ಹಣ್ಣು ಕಪ್ಪಾಗುತ್ತದೆ. ಅರ್ಧಂಬರ್ಧ ಮಳೆಯಾದರೆ ಮೊಗ್ಗು ಅರೆಬಿರಿದು ನಿಂತುಬಿಡುತ್ತದೆ. ಆಗ ತುಂತುರು ನೀರಾವರಿಯಿಂದ ಕೊರತೆ ತುಂಬಬೇಕೇ, ಇನ್ನೊಂದು ಮಳೆಗೆ ಕಾಯಬೇಕೇ? ಕೆರೆಯಲ್ಲಿ ನೀರು ಇರುವುದೇ ಒಂದು ಸುತ್ತಿಗೆ. ಈ ಪ್ರಶ್ನೆಗೆ ಮುಂದಿನ ಎರಡು ವಾರದ ಸಾಧ್ಯತೆ ತಿಳಿಯದೆ ಉತ್ತರವಿಲ್ಲ. ಹೂವಾದ ಮೂರು ವಾರದೊಳಗೆ ಬ್ಯಾಕಿಂಗ್ ಮಳೆಯೂ, ಅಂದರೆ ಕಾಯಿ ಕಟ್ಟಲು ಬೇಕಾದ ಎರಡನೆಯ ಮಳೆಯೂ, ಬರಬೇಕು. ಹಾಗಾಗಿಯೇ ಮುನ್ನೋಟ ಫೆಬ್ರವರಿಗೆ ನಿಲ್ಲದೆ ಮಾರ್ಚ್ ಮುಗಿಯುವವರೆಗೆ ನಡೆಯಬೇಕೆನ್ನುತ್ತಿದ್ದೇವೆ.

ಹಾಸನದ ಬಯಲು ಸೀಮೆಯಲ್ಲೂ ಇದೇ ಹೊತ್ತಿಗೆ ರಾಗಿ ಕೊಯ್ದು ಮೆದೆ ಹಾಕುತ್ತಿರುತ್ತಾರೆ. ನೆನೆದ ತೆನೆ ಮೊಳಕೆಯೊಡೆಯಲು ಎರಡು-ಮೂರು ದಿನ ಸಾಕು. ಅಡಿಕೆ ಅಂಗಳದವರ ಪಾಡೂ ಕಾಫಿಯವರಿಗಿಂತ ಬೇರೆಯಲ್ಲ.

ಹವೆಯನ್ನು ಬಲ್ಲವರಿಗೆ ಹೊಸದಲ್ಲದಿದ್ದರೂ ಜಿಲ್ಲಾಡಳಿತಕ್ಕಾಗಿ ಒಂದು ಮಾತು. ನಮ್ಮಲ್ಲಿ ಮೈಕೊರೆವ ಚಳಿ ಬೆಳೆಗೆ ವೈರಿಯಲ್ಲ. ಆಕಾಶ ತಿಳಿಯಾಗಿ, ಗಾಳಿ ಒಣಗಿ, ಉತ್ತರ-ಈಶಾನ್ಯದಿಂದ ಬೀಸುವಾಗ ರಾತ್ರಿ ಉಷ್ಣಾಂಶ ಇಳಿಯುತ್ತದೆ, ಹಗಲು ಗಟ್ಟಿ ಬಿಸಿಲಿರುತ್ತದೆ. ಅವು ಕಣಕ್ಕೆ ಅತ್ಯುತ್ತಮ ದಿನಗಳು. ಕನಿಷ್ಠ ಉಷ್ಣಾಂಶ ಒಂದೇ ರಾತ್ರಿಯಲ್ಲಿ ಮೂರ್ನಾಲ್ಕು ಡಿಗ್ರಿ ಏರಿದರೆ ಎಚ್ಚರವಾಗಬೇಕು. ಬಂಗಾಳ ಕೊಲ್ಲಿಯಿಂದಲೋ ಆಗ್ನೇಯ ಅರಬ್ಬಿ ಸಮುದ್ರದಿಂದಲೋ ತೇವ ಬಂದು ಮೋಡ ಕವಿದಿದೆ ಎಂದರ್ಥ. ಉತ್ತರದಲ್ಲಿ ಹಿಮ ಸುರಿಸುವ ಪಶ್ಚಿಮದ ಕ್ಷೋಭೆ ದಾಟಿದ ಮೇಲೆ ಬರುವ ಚಳಿ ಬೀದರ್, ವಿಜಯಪುರದವರೆಗೆ ನೇರವಾಗಿ ತಟ್ಟುತ್ತದೆ, ನಮ್ಮವರೆಗೆ ಬರುವಷ್ಟರಲ್ಲಿ ಬಲ ಕಳೆದುಕೊಂಡಿರುತ್ತದೆ. ಮಲೆನಾಡಿನ ಚಳಿಗಾಲ ಕೆಡುವುದು ಹೆಚ್ಚಾಗಿ ಕೊಲ್ಲಿಯ ಕಡೆಯಿಂದ. ಮುನ್ನೋಟದ ಕಣ್ಣು ಆ ಕಡೆಗಿರಬೇಕು.

ಸಾರ್ವಜನಿಕರಿಗೂ ಇಲ್ಲಿಯೇ ಹೇಳಿಬಿಡುತ್ತೇವೆ. ‘ಚಿಕ್ಕಮಗಳೂರಿನಲ್ಲಿ ಹಿಮಪಾತ’ ಎಂದು ಮೊಬೈಲ್‌ಗೆ ಬರುವ ವಿಡಿಯೋ ನಂಬಿ ಗಿರಿಗೆ ಹೊರಡಬೇಡಿ. ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರ್. 13 ಡಿಗ್ರಿ ಅಕ್ಷಾಂಶದ ನಮ್ಮ ಆಕಾಶದಲ್ಲಿ ಚಳಿಗಾಲದಲ್ಲೂ 0 ಡಿಗ್ರಿ ಸಿಗುವುದು ನಾಲ್ಕೂವರೆ ಸಾವಿರ ಮೀಟರ್‌ಗಿಂತ ಮೇಲೆ. ಅಲ್ಲಿಂದ ಬೀಳುವ ಹಿಮದ ಹಳುಕು ಗಿರಿಯ ತುದಿ ಮುಟ್ಟುವ ಎಷ್ಟೋ ಮೊದಲೇ ನೀರಾಗಿರುತ್ತದೆ. ನೀವು ಬೆಳಗ್ಗೆ ಕಣಿವೆಯಲ್ಲಿ ಕಾಣುವ ಬಿಳಿ ಮಂಜಿನದು. ಮಾರ್ಚ್-ಏಪ್ರಿಲ್‌ನಲ್ಲಿ ತೋಟ ಬೆಳ್ಳಗಾಗಿದ್ದರೆ ಅದು ಗುಡುಗು ಮಳೆಯ ಆಲಿಕಲ್ಲು. ಅದು ಚಿಗುರನ್ನೂ ಎಳೆಕಾಯಿಯನ್ನೂ ಜಜ್ಜಿ ಹೋಗಿರುತ್ತದೆ, ನೋಡಿ ಸಂತೋಷಪಡುವಂಥದ್ದಲ್ಲ. ನಿಜವಾದ ಹಿಮ ನೋಡಬೇಕೆನ್ನುವವರು ಗುಲ್ಮಾರ್ಗ್‌ಗೋ ಮನಾಲಿ ಕಡೆಗೋ ಹೋಗಬೇಕು. ಕಾಶ್ಮೀರದಲ್ಲಿ ಕಡುಚಳಿಯ ‘ಚಿಲ್ಲಾಯ್ ಕಲಾನ್’ ಡಿಸೆಂಬರ್ 21ರಿಂದ ನಲವತ್ತು ದಿನ.

ಅಲ್ಲಿಂದ ನಾವು ಕಲಿಯಬೇಕಾದದ್ದೂ ಒಂದಿದೆ. ಹಿಮಾಲಯದ ಹಿಮಕುಸಿತ ಎಚ್ಚರಿಕೆಯನ್ನು ಚಂಡೀಗಢದ ರಕ್ಷಣಾ ಸಂಶೋಧನಾ ಸಂಸ್ಥೆ ಜಿಲ್ಲೆವಾರು ಕೊಡುವಾಗ ಇಂತಿಷ್ಟು ಮೀಟರ್‌ಗಿಂತ ಮೇಲೆ ಎಂದು ಎತ್ತರ ಹೇಳಿ ಕೊಡುತ್ತದೆ. ಎತ್ತರ ಹೇಳದ ಬೆಟ್ಟದ ಮುನ್ಸೂಚನೆ ಅರ್ಧ ಮುನ್ಸೂಚನೆ. ಚಿಕ್ಕಮಗಳೂರು ಪೇಟೆ ಸುಮಾರು 1,090 ಮೀಟರ್‌ನಲ್ಲಿದೆ. ಕಿಲೋಮೀಟರಿಗೆ ಆರೂವರೆ ಡಿಗ್ರಿಯ ಸರಾಸರಿ ಲೆಕ್ಕದಲ್ಲಿ ಗಿರಿಯ ತುದಿ ಪೇಟೆಗಿಂತ ಐದೂವರೆ ಡಿಗ್ರಿ ತಣ್ಣಗಿರಬೇಕು. ಹಗಲಿಗೆ ಇದು ಬಹುಮಟ್ಟಿಗೆ ಸರಿ. ತಿಳಿಯಾದ, ಗಾಳಿಯಿಲ್ಲದ ರಾತ್ರಿ ಲೆಕ್ಕ ತಿರುಗುಮುರುಗಾಗುತ್ತದೆ. ತಣಿದ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಜಾರಿ ಗದ್ದೆ ಬಯಲಿನಲ್ಲಿ ಸೇರಿಕೊಳ್ಳುತ್ತದೆ, ನಡುಗುಡ್ಡದ ಮನೆಗಿಂತ ಹೊಳೆ ಪಕ್ಕದ ಲೈನ್ ಮನೆ ಹೆಚ್ಚು ನಡುಗುತ್ತದೆ. ಆದ್ದರಿಂದ ನಮ್ಮ ಮುನ್ನೋಟದಲ್ಲಿ ಮೂರು ಪಟ್ಟಿಗಳಾದರೂ ಇರಲಿ: 1,200 ಮೀಟರ್‌ಗಿಂತ ಮೇಲಿನ ಗಿರಿಸಾಲು, ಅದರ ಕೆಳಗಿನ ತೋಟದ ಇಳಿಜಾರು, ಹೊಳೆಸಾಲಿನ ತಗ್ಗು. ಪೂರ್ವದ ಬಯಲು ನಾಲ್ಕನೆಯದಾಗಲಿ.

ಮಂಜಿನ ವಿಷಯದಲ್ಲಿ ಇದು ಪ್ರಾಣದ ಪ್ರಶ್ನೆ. ಇಲಾಖೆಯ ಲೆಕ್ಕದಲ್ಲಿ 200 ಮೀಟರ್‌ಗಿಂತ ಕಡಿಮೆ ಕಂಡರೆ ದಟ್ಟ ಮಂಜು, 50 ಮೀಟರ್‌ಗಿಂತ ಕಡಿಮೆಯಾದರೆ ಅತಿ ದಟ್ಟ. ಹೇಮಾವತಿ ಕಣಿವೆಯ ಮಂಜು ನೆಲ ತಣಿದು ಹುಟ್ಟುವಂಥದ್ದು. ಹಿಂದಿನ ದಿನ ಮಳೆಯಾಗಿ, ರಾತ್ರಿ ಮೋಡ ಸರಿದು, ಗಾಳಿ ಬಿದ್ದರೆ ನಡುರಾತ್ರಿ ಕಳೆದ ಮೇಲೆ ಕಟ್ಟಿ ಬೆಳಗಿನ ಒಂಬತ್ತರ ಸುಮಾರಿಗೆ ಕರಗುತ್ತದೆ. ಈ ಮೂರು ಸಂಗತಿಗಳನ್ನು ನೋಡಿ ಹಿಂದಿನ ಸಂಜೆಯೇ ಹೇಳಬಹುದಾದದ್ದು ಇದು. ಚಾರ್ಮಾಡಿ ಘಾಟಿಯದು ಬೇರೆ ಬಗೆ. ಕೆಳಗಿನ ತೇವದ ಗಾಳಿ ಇಳಿಜಾರು ಹತ್ತಿ ತಣಿದು ರಸ್ತೆಯ ಮೇಲೇ ಮೋಡವಾಗುತ್ತದೆ, ಅದಕ್ಕೆ ಸಂಜೆ ಬೆಳಗು ಎಂಬ ನೇಮವಿಲ್ಲ. ಅಲ್ಲಿ ಕೊಟ್ಟಿಗೆಹಾರದಿಂದ ಕೆಳಗಿನ ತಿರುವುಗಳಲ್ಲಿ ದೃಷ್ಟಿದೂರ ಅಳೆಯುವ ಉಪಕರಣ ಕೂರಿಸಿ, ಅಳತೆ 100 ಮೀಟರ್‌ಗಿಂತ ಇಳಿದರೆ ಎರಡೂ ತುದಿಯ ಚೆಕ್‌ಪೋಸ್ಟ್‌ನಲ್ಲಿ ಬೋರ್ಡ್ ಹೊತ್ತಿಕೊಳ್ಳುವಂತೆ ಮಾಡಿ. ಶಿರಾಡಿಗೂ ಅದೇ ಬೇಕು. ವಾಹನ ಓಡಿಸುವವರು ಹೈಬೀಮ್ ಹಾಕಬಾರದು, ಬೆಳಕು ಮಂಜಿನ ಹನಿಗೆ ಬಡಿದು ಕಣ್ಣಿಗೇ ಮರಳುತ್ತದೆ. ಚಲಿಸುವಾಗ ನಾಲ್ಕೂ ಇಂಡಿಕೇಟರ್ ಮಿನುಗಿಸುವುದೂ ತಪ್ಪು, ಹಿಂದಿನವರಿಗೆ ಗಾಡಿ ನಿಂತಿದೆಯೋ ತಿರುಗುತ್ತಿದೆಯೋ ತಿಳಿಯುವುದಿಲ್ಲ.

ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ತಾಲ್ಲೂಕುಗಳಲ್ಲಿ ಮಂಜಿಗೆ ಇನ್ನೊಂದು ಅಪಾಯ ಸೇರುತ್ತದೆ. ರಾತ್ರಿ ತೋಟ, ಗದ್ದೆಗಿಳಿದ ಕಾಡಾನೆಗಳು ಹಿಂದಿರುಗುವ ಹೊತ್ತಿಗೇ ಕಾರ್ಮಿಕರು ಕೆಲಸಕ್ಕೆ, ಮಕ್ಕಳು ಶಾಲೆಗೆ ನಡೆಯುತ್ತಾರೆ. ಐವತ್ತು ಮೀಟರ್ ಕಾಣದ ಮಂಜಿನಲ್ಲಿ ಕಾಫಿ ಗಿಡಗಳ ನಡುವೆ ನಿಂತ ಆನೆ ಎದುರಾಗುವವರೆಗೆ ತಿಳಿಯುವುದಿಲ್ಲ. ಆನೆಗಳ ಗುಂಪು ಎಲ್ಲಿದೆ ಎಂಬ ಸಂದೇಶವನ್ನು ಅರಣ್ಯ ಇಲಾಖೆ ಮೊಬೈಲ್‌ಗೆ ಕಳಿಸುತ್ತದೆ. ಅದರ ಜೊತೆಗೆ ಮರುದಿನದ ಮಂಜಿನ ಸೂಚನೆಯನ್ನೂ ಸೇರಿಸಿ ಹಿಂದಿನ ರಾತ್ರಿ ಎಂಟು ಗಂಟೆಯೊಳಗೆ ಕಳಿಸಿ. ಎರಡೂ ಕೂಡಿಬಂದ ಊರುಗಳಲ್ಲಿ ತೋಟದ ಕೆಲಸ, ಶಾಲೆಯ ಗಂಟೆ ಎರಡೂ ಒಂಬತ್ತೂವರೆಯ ನಂತರ ಶುರುವಾಗಲೆಂದು ಜಿಲ್ಲಾಡಳಿತ ನಿಯಮ ಮಾಡಲಿ. ತೋಟದ ಮಾಲೀಕರು ಆ ಗಂಟೆಗಳ ಕೂಲಿ ಕಡಿಯಬಾರದು.

ಚಳಿಯ ಎಚ್ಚರಿಕೆಗೆ ನಾವು ಸೂಚಿಸುವ ಮಿತಿ ಸತತ ಎರಡು ರಾತ್ರಿ 12 ಡಿಗ್ರಿಗಿಂತ ಕೆಳಗೆ. ಕೊಯ್ಲಿಗೆಂದು ಉತ್ತರ ಕರ್ನಾಟಕದಿಂದ, ಅಸ್ಸಾಂನಿಂದ ಬಂದವರು ತೆಳುಹೊದಿಕೆಯಲ್ಲಿ ಲೈನ್ ಮನೆಗಳಲ್ಲಿ ಮಲಗುತ್ತಾರೆ. ಕಿಟಕಿ ಬಾಗಿಲು ಮುಚ್ಚಿ ಅಗ್ಗಿಷ್ಟಿಕೆಯಲ್ಲಿ ಕೆಂಡವಿಟ್ಟು ಮಲಗಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ ಎನಿಸುವಷ್ಟರಲ್ಲಿ ಎದ್ದು ಬಾಗಿಲು ತೆಗೆಯುವ ಶಕ್ತಿ ಇರುವುದಿಲ್ಲ. ಈ ಎಚ್ಚರಿಕೆ ಕನ್ನಡದ ಜೊತೆ ಹಿಂದಿ, ಅಸ್ಸಾಮಿಯಲ್ಲೂ ಧ್ವನಿಸಂದೇಶವಾಗಿ ಹೋಗಬೇಕು.

ಮುನ್ನೋಟ ಎಷ್ಟು ದೂರ ನೋಡಬಲ್ಲದು ಎಂಬ ಮಿತಿ ನಮಗೆ ಗೊತ್ತಿದೆ. ಮೂರು ತಿಂಗಳ ಮುನ್ನೋಟದಿಂದ ಜನವರಿ 6ರಂದು ಮಳೆಯೇ ಎಂದು ಕೇಳುವವರು ನಾವಲ್ಲ. ಪೆಸಿಫಿಕ್ ಸಾಗರ ಕಾಯುವ ಎಲ್ ನಿನೋ, ತಣಿಯುವ ಲಾ ನಿನಾ ಸ್ಥಿತಿ ನೋಡಿ ವಾಡಿಕೆಗಿಂತ ಹೆಚ್ಚು, ವಾಡಿಕೆಯಷ್ಟು, ಕಡಿಮೆ ಎಂಬ ಮೂರರಲ್ಲಿ ಯಾವುದಕ್ಕೆ ಒಲವು ಎಂದರೆ ಸಾಕು. ಒಲವಿಲ್ಲದಿದ್ದರೆ ಇಲ್ಲ ಎಂದೇ ಬರೆಯಿರಿ. ಪ್ರತಿ ಗುರುವಾರ ಹೊರಡುವ ವಿಸ್ತೃತ ಅವಧಿಯ ಮುನ್ಸೂಚನೆಯಿಂದ ಮುಂದಿನ ಎರಡು ವಾರದ ಮೋಡ-ಬಿಸಿಲಿನ ಅಂದಾಜು ತೆಗೆದು ಕೊಡಿ. ತೀರಾ ಹತ್ತಿರದ ಐದು ದಿನಕ್ಕೆ ಶೇಕಡಾ ಸಾಧ್ಯತೆ ಇರಲಿ. ಮಂಗಳವಾರ, ಶುಕ್ರವಾರದ ಕೃಷಿ ಹವಾಮಾನ ಸಲಹಾ ಪತ್ರಿಕೆಯಲ್ಲೇ ಇವು ಬಂದರೆ ಹೊಸ ವ್ಯವಸ್ಥೆಯೂ ಬೇಡ. ಜಿಲ್ಲಾ ಮಟ್ಟದ ಕೃಷಿ ಹವಾಮಾನ ಘಟಕಗಳು 2024ರಲ್ಲಿ ಮುಚ್ಚಿದ ಮೇಲೆ ಆ ಪತ್ರಿಕೆಯನ್ನು ತಾಲ್ಲೂಕಿಗೆ ಹೊಂದಿಸಿ ಬರೆಯುವ ಕೈಗಳು ಕಡಿಮೆಯಾಗಿವೆ. ಆ ಘಟಕಗಳನ್ನು ಮತ್ತೆ ತೆರೆಯಿರಿ ಎಂಬುದು ನಮ್ಮ ಗಟ್ಟಿ ಒತ್ತಾಯ. 1925ರಿಂದ ಬಾಳೆಹೊನ್ನೂರಿನಲ್ಲಿರುವ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಬೆಳೆಯ ಭಾಗವನ್ನು ಬರೆದುಕೊಡಬಲ್ಲದು.

ಶೇಕಡಾ ಲೆಕ್ಕ ರೈತರಿಗೆ ಗೊಂದಲವಾಗುತ್ತದೆ ಎಂಬ ಅಂಜಿಕೆ ಬೇಡ. ಕಣ ಮುಚ್ಚಿಸಲು ಸಾವಿರ ರೂಪಾಯಿ ಕೂಲಿ, ನೆನೆದರೆ ಇಪ್ಪತ್ತು ಸಾವಿರ ನಷ್ಟ ಎಂದುಕೊಳ್ಳಿ. ಸಾಧ್ಯತೆ ಶೇ. 5 ದಾಟಿದರೆ ಮುಚ್ಚುವುದೇ ಲಾಭ. ಕೊಯ್ಲು ನಿಲ್ಲಿಸುವ ವೆಚ್ಚ ದೊಡ್ಡದು, ಅದಕ್ಕೆ ಶೇ. 50-60 ಬೇಕಾಗಬಹುದು. ಒಂದೇ ಮುನ್ಸೂಚನೆಯಿಂದ ಇಬ್ಬರು ಬೇರೆಬೇರೆ ನಿರ್ಧಾರ ಮಾಡಬಹುದು, ಇಬ್ಬರೂ ಸರಿಯಿರಬಹುದು. ‘ಮಳೆ ಬರಬಹುದು’ ಎಂಬ ಸಾಲಿನಿಂದ ಇದು ಸಾಧ್ಯವಿಲ್ಲ. ಏಪ್ರಿಲ್‌ನಲ್ಲಿ ಆ ಋತುವಿನ ಲೆಕ್ಕವನ್ನೂ ಪ್ರಕಟಿಸಿ. ಶೇ. 30 ಎಂದ ದಿನಗಳಲ್ಲಿ ಹತ್ತಕ್ಕೆ ಮೂರು ದಿನದ ಆಸುಪಾಸಿನಲ್ಲಿ ಮಳೆ ಬಿತ್ತೇ ಎಂದು ತೋರಿಸಿ. ತಪ್ಪಿದ್ದರೆ ತಪ್ಪಿದೆ ಎಂದೇ ಹೇಳಿ, ಮುಚ್ಚಿಡದ ಮುನ್ಸೂಚನೆಯನ್ನು ಜನ ನಂಬುತ್ತಾರೆ.

ನಮ್ಮ ಕಡೆಯಿಂದ ಕೊಡಬಹುದಾದದ್ದು ಮಳೆ ದಾಖಲೆ. ಈ ಭಾಗದ ಅನೇಕ ತೋಟಗಳಲ್ಲಿ ತಲೆಮಾರುಗಳಿಂದ ದಿನವೂ ಮಳೆಮಾಪಕ ನೋಡಿ ಪುಸ್ತಕದಲ್ಲಿ ಬರೆದಿಡುತ್ತಾರೆ. ಗ್ರಾಮ ಪಂಚಾಯಿತಿಗೊಂದರಂತೆ ರಾಜ್ಯ ಕೇಂದ್ರ ಕೂರಿಸಿರುವ ಮಾಪಕಗಳ ಜೊತೆ ಇವನ್ನು ಹೋಲಿಸಿದರೆ ಯಾವ ಗುಡ್ಡದ ಯಾವ ಮಗ್ಗುಲಿಗೆ ಚಳಿಗಾಲದ ಮಳೆ ಹೆಚ್ಚು ಎಂಬ ನಕ್ಷೆ ಸಿಗುತ್ತದೆ. ಬಳಸುವಾಗ ಎರಡು ಎಚ್ಚರ ಬೇಕು. ತೋಟದ ಪುಸ್ತಕಗಳು ಇಂಚು-ಸೆಂಟಿನಲ್ಲಿವೆ, ಒಂದು ಸೆಂಟ್ ಎಂದರೆ 0.254 ಮಿಲಿಮೀಟರ್. ಇಲಾಖೆ ಬೆಳಗಿನ ಎಂಟೂವರೆಗೆ ಓದಿದ್ದನ್ನು ಅದೇ ದಿನದ ಲೆಕ್ಕಕ್ಕೆ ಬರೆಯುತ್ತದೆ, ಕೆಲವು ತೋಟಗಳು ಹಿಂದಿನ ದಿನಕ್ಕೆ ಬರೆಯುತ್ತವೆ. ತಾರೀಕು ಸರಿಹೊಂದಿಸದೆ ಸೇರಿಸಿದರೆ ಹೋಲಿಕೆಯೇ ಕೆಡುತ್ತದೆ. ಯಾವ ನಮೂನೆಯಲ್ಲಿ ಬೇಕೆಂದು ತಿಳಿಸಿ, ತಾಲ್ಲೂಕುವಾರು ನಕಲು ಮಾಡಿ ಕೊಡುತ್ತೇವೆ.

ಇತಿ,
ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳ ಮಲೆನಾಡು ತಾಲ್ಲೂಕುಗಳ ಬೆಳೆಗಾರರು